ಕೌಂಟಿಯ ಪರ ಮಾತಾಡಿದ್ದು ಯಾರು?

ಮಾರ್ಚ್ ಹನ್ನೊಂದು, ಮಂಗಳವಾರ. ಠಾಣೆಯ ಬಾಗಿಲು ತೆಗೆದು ಕಸ ಗುಡಿಸುವಷ್ಟರಲ್ಲೇ ರಾಲಂಗ ದಡದ ಮೀನು ಮಾರುವ ಹೆಂಗಸರು ಗುಂಪುಕಟ್ಟಿಕೊಂಡು ಬಂದು ಕೌಂಟರಿನ ಮುಂದೆ ನಿಂತರು. ಅವರ ಹಿಂದೆಯೇ ಒಣಗಿದ ಒಮೆನಾ ಮೀನಿನ ವಾಸನೆಯೂ ಬಂದು ಬೆಂಚಿನ ಮೇಲೆ ಕೂತಿತು.

"ಒಬ್ಬರು ಮಾತಾಡಿ," ಎಂದ ಕಾನ್ಸ್‌ಟೇಬಲ್ ಓವಿತಿ, ದೂರಿನ ಪುಸ್ತಕ ಬಿಚ್ಚುತ್ತಾ.

ಮುಂದೆ ಬಂದವಳು ದಡದ ಮಹಿಳಾ ಸಂಘದ ಅಧ್ಯಕ್ಷೆ ಮಾಮಾ ಪೆರೆಸ್. ಈ ಸೀಮೆಯಲ್ಲಿ ಮಾಮಾ ಎಂದರೆ ಅಮ್ಮ. ಅರವತ್ತು ದಾಟಿದ ಹೆಂಗಸು, ಆದರೆ ಅವಳು ಬಾಯಿ ತೆರೆದರೆ ದೋಣಿ ಎಂಜಿನ್ ಆರಿಸಿ ಕೇಳುವವರಿದ್ದಾರೆ.

"ಬರಕೊಳಪ್ಪ. ನಮ್ಮ ವಕೀಲ ನಮ್ಮನ್ನ ಮಾರ್ಕೊಂಡಿದಾನೆ."

"ಯಾವ ವಕೀಲ?"

"ಕೌಂಟಿ ವಕೀಲ. ಒಲಾಂಗ್."

ಓವಿತಿಯ ಪೆನ್ನು ನಿಂತಿತು. ಎಲಿಯಾಕಿಮ್ ಒಲಾಂಗ್ ಎಂದರೆ ಮಿರುಂಬಿ ಕೌಂಟಿ ಎಂಬ ಜಿಲ್ಲಾ ಸರ್ಕಾರದ ಕಾನೂನು ಸಲಹೆಗಾರ. ಕೌಂಟಿ ಆಳುವ ಗವರ್ನರ್ ಕೂಡ ಸಹಿ ಹಾಕುವ ಮುಂಚೆ ಆತನ ಮುಖ ನೋಡುತ್ತಾರೆ. ಅಂಥವನ ಹೆಸರನ್ನು ಬೆಳಿಗ್ಗೆ ಚಹಾ ಕುಡಿಯುವ ಮೊದಲೇ ದೂರಿನ ಪುಸ್ತಕಕ್ಕೆ ಇಳಿಸಲು ಧೈರ್ಯ ಸಾಲದೆ ಓವಿತಿ ಒಳಗೆ ಹೋಗಿ ಇನ್ಸ್‌ಪೆಕ್ಟರನ್ನು ಕರೆತಂದ.

ಇನ್ಸ್‌ಪೆಕ್ಟರ್ ಎಸ್ತರ್ ವಕೇಶೊ ತೈತಾ ಬೆಟ್ಟದ ಕಡೆಯವಳು. ವರ್ಗವಾಗಿ ಈ ಸರೋವರದ ಸೀಮೆಗೆ ಬಂದು ವರ್ಷವೂ ಆಗಿರಲಿಲ್ಲ. ಇಲ್ಲಿನ ಲುವೊ ಭಾಷೆ ಅರ್ಧಂಬರ್ಧ ಅರ್ಥವಾಗುತ್ತಿತ್ತು, ಲುವೊ ಜನ ಅದಕ್ಕಿಂತ ಸ್ವಲ್ಪ ಕಡಿಮೆ.

"ನಿಧಾನಕ್ಕೆ ಹೇಳಿ ಮಾಮಾ. ಏನಾಯ್ತು?"

ಆಗಿದ್ದು ಇಷ್ಟು. ರಾಲಂಗದಲ್ಲಿ ದೋಣಿಗಳು ಬಂದು ನಿಲ್ಲುವ, ಹೆಂಗಸರು ಮೀನು ಒಣಗಿಸುವ ದಡ ತನ್ನದು ಎಂದು ನೀಲಿ ಅಲೆ ಎಂಬ ಹೋಟೆಲ್ ಕಂಪನಿ ಮೂರು ವರ್ಷದ ಹಿಂದೆ ದಾವೆ ಹಾಕಿತ್ತು. ದಡ ಸಾರ್ವಜನಿಕರದು ಎಂದು ಕೌಂಟಿ ಎದುರು ನಿಂತಿತ್ತು. ನಿನ್ನೆ ಸಂಜೆ ಮಾರುಕಟ್ಟೆಯ ಕಂಬಕ್ಕೆ ನ್ಯಾಯಾಲಯದ ಆದೇಶ ಅಂಟಿಸಿ ಹೋಗಿದ್ದಾರೆ. ಕೌಂಟಿ ತನ್ನ ವಿರೋಧ ಹಿಂತೆಗೆದುಕೊಂಡಿದೆ, ಜಾಗ ಕಂಪನಿಯದು, ಬರುವ ಸೋಮವಾರದೊಳಗೆ ಖಾಲಿ ಮಾಡಬೇಕು.

"ಮೂರು ವರ್ಷದಿಂದ ಗೆಲ್ತೀವಿ ಮಾಮಾ, ಗೆಲ್ತೀವಿ ಅಂತಿದ್ದೋನು ಒಂದೇ ಮಾತಿಗೆ ಬಿಟ್ಕೊಟ್ಟಿದಾನೆ. ಸೋಮವಾರ ಬುಲ್ಡೋಜರ್ ಬರತ್ತೆ. ಮೀನು ಎಲ್ಲಿ ಒಣಗಿಸೋಣ? ನಿಮ್ಮ ಠಾಣೆ ತಗಡಿನ ಮೇಲಾ?"

"ವಕೀಲ ಕೇಸು ಬಿಟ್ಟುಕೊಟ್ರೆ ಅದು ಪೊಲೀಸ್ ಕೆಲಸ ಅಲ್ಲ ಮಾಮಾ."

"ತಿಂದು ಬಿಟ್ಟುಕೊಟ್ಟಿದ್ರೆ?"

"ಅದಕ್ಕೆ ಸಾಕ್ಷಿ ಇದೆಯಾ?"

"ಹುಡುಕೋಕೆ ಅಂತ ತಾನೇ ನಿಮಗೆ ಬೂಟು ಕೊಟ್ಟಿರೋದು?"

ಓವಿತಿ ಪುಸ್ತಕಕ್ಕೆ ಬಗ್ಗಿ ನಗು ಮುಚ್ಚಿಕೊಂಡ. ವಕೇಶೊ ದೂರು ದಾಖಲಿಸಲು ಹೇಳಿ ಟೋಪಿ ಕೈಗೆತ್ತಿಕೊಂಡಳು.

ಕೌಂಟಿ ಕಟ್ಟಡದಲ್ಲಿ ಕಾನೂನು ಕಚೇರಿ ಎರಡನೆಯ ಮಹಡಿಯ ಕೊನೆಗಿತ್ತು. ದೊಡ್ಡ ಕೋಣೆ, ಏಳು ಮೇಜು. ಐದು ಮೇಜುಗಳ ಹಿಂದೆ ಮನುಷ್ಯರಿರಲಿಲ್ಲ. ಕುರ್ಚಿಗಳ ಮೇಲೂ ಕಡತಗಳೇ ಕೂತಿದ್ದವು. ಆರನೆಯದರಲ್ಲಿ ನಲವತ್ತರ ಆಸುಪಾಸಿನ ವಕೀಲ ಟೊಬಿಯಾಸ್ ಒಕೆಲೊ, ಏಳನೆಯದರಲ್ಲಿ ಒಲಾಂಗ್. ಒಲಾಂಗ್ ಸಾಹೇಬರಿಗೆ ಪ್ರತಿ ಮಾತಿಗೂ ಮುಂಚೆ ಎರಡು ಸಲ ಕೆಮ್ಮುವ ಅಭ್ಯಾಸ.

ವಕೇಶೊ ಸುತ್ತುಬಳಸಿ ಹೋಗಲಿಲ್ಲ. "ಕಳೆದ ಬುಧವಾರ, ಐದನೇ ತಾರೀಕು, ಆನ್‌ಲೈನ್ ಕಲಾಪದಲ್ಲಿ ರಾಲಂಗ ಕೇಸು ಬಿಟ್ಟುಕೊಟ್ಟಿದ್ದೀರಂತೆ."

"ನಾನಾ?" ಒಲಾಂಗ್ ಎರಡು ಸಲ ಕೆಮ್ಮಿದ. ಕನ್ನಡಕ ಹಣೆಗೇರಿಸಿ ಸೂರು ನೋಡಿದ. ಆಮೇಲೆ ಪಕ್ಕದ ಮೇಜಿನ ಕಡೆ ತಿರುಗಿ ಮೆಲ್ಲನೆ ಕೇಳಿದ, "ಬಿಟ್ಟುಕೊಟ್ಟೆನಾ?"

"ನನಗೆ ಗೊತ್ತಿಲ್ಲ ಸರ್," ಎಂದ ಒಕೆಲೊ.

ಇಪ್ಪತ್ತು ವರ್ಷದ ನೌಕರಿಯಲ್ಲಿ ವಕೇಶೊ ಇಂಥ ಆರೋಪಿಯನ್ನು ನೋಡಿರಲಿಲ್ಲ. ಇಲ್ಲ ಎನ್ನುವವರನ್ನು ನೋಡಿದ್ದಳು, ಹೌದು ಎನ್ನುವವರನ್ನೂ ನೋಡಿದ್ದಳು. ಮಾಡಿದೆನೋ ಇಲ್ಲವೋ ಎಂದು ಪಕ್ಕದವನನ್ನು ಕೇಳುವವನು ಇವನೇ ಮೊದಲು.

"ನಿಮ್ಮ ಬಾಯಲ್ಲಿ ನೀವು ಹೇಳಿದ್ದು ನಿಮಗೆ ನೆನಪಿರಲ್ವಾ?"

"ಈ ಕೋಣೆ ನೋಡಿ ಇನ್ಸ್‌ಪೆಕ್ಟರ್. ಕಾನೂನಿನ ಪ್ರಕಾರ ಇಲ್ಲಿ ಏಳು ವಕೀಲರಿರಬೇಕು. ನನ್ನ ಕೈಕೆಳಗೆ ಒಬ್ಬ ಉಪ ಸಲಹೆಗಾರ, ಐದು ಜನ ಸಹಾಯಕ ವಕೀಲರು. ಉಪ ಸಲಹೆಗಾರನ ಹುದ್ದೆ ಖಾಲಿ ಬಿದ್ದು ಎಂಟು ವರ್ಷ ಆಯ್ತು. ಇರೋನು ಇವನೊಬ್ಬ. ಕೌಂಟಿ ಮೇಲೆ ಕೇಸುಗಳು ನಾನೂರರ ಮೇಲಿವೆ. ಆಸ್ಪತ್ರೆ ನರ್ಸುಗಳ ಕೇಸು, ಕಸದ ಲಾರಿ ಗುದ್ದಿದ ಕತ್ತೆ ಕೇಸು, ಎಲ್ಲಾ ನಾವೇ. ದಿನಕ್ಕೆ ಆರಾರು ಕಡೆ ಹಾಜರಿ ಹೇಳ್ತೀನಿ. ಯಾವುದಕ್ಕೆ ಹೂಂ ಅಂದೆ, ಯಾವುದಕ್ಕೆ ಊಹೂಂ ಅಂದೆ, ರಾತ್ರಿ ಮಲಗಿದಾಗ ನನ್ನ ಹೆಂಡತಿ ಕೇಳಿದ್ರೆ ಹೇಳೋಕಾಗಲ್ಲ."

"ಹುದ್ದೆ ಯಾಕೆ ತುಂಬಿಲ್ಲ?"

"ಗವರ್ನರ್ ಹೇಳ್ತಾರೆ ಕೌಂಟಿ ಸಭೆ ಒಪ್ಪಿಗೆ ಕೊಡ್ತಿಲ್ಲ ಅಂತ. ಸಭೆಯೋರು ಹೇಳ್ತಾರೆ ಗವರ್ನರ್ ಹೆಸರು ಕಳಿಸ್ತಿಲ್ಲ ಅಂತ. ಇಬ್ಬರಿಗೂ ಸಲಹೆ ಕೊಡೋದು ನಾನೇ."

"ಅಂದ್ರೆ ನೀವು ಯಾರ ವಕೀಲರು?"

ಒಲಾಂಗ್ ಕೆಮ್ಮುವುದನ್ನೂ ಮರೆತು ನಕ್ಕ. "ಗವರ್ನರ್ ತನ್ನ ವಕೀಲ ಅಂದ್ಕೊಂಡಿದಾರೆ. ಸಭೆಯೋರು ತಮ್ಮೋನು ಅಂತಾರೆ. ಮಾಮಾ ಪೆರೆಸ್ ತನ್ನೋನು ಅಂತಾಳೆ. ನಾನು ಕೌಂಟಿಯ ವಕೀಲ. ಕೌಂಟಿಗೆ ಬಾಯಿಲ್ಲ, ಅದಕ್ಕೇ ಅದು ಯಾವತ್ತೂ ನನ್ನ ಬೈದಿಲ್ಲ."

ವಕೇಶೊ ಗೋಡೆಯ ಕ್ಯಾಲೆಂಡರು ತಂದು ಮೇಜಿನ ಮೇಲಿಟ್ಟಳು. ಐದನೇ ತಾರೀಕಿನ ಚೌಕದಲ್ಲಿ ಒಲಾಂಗ್‌ನ ಕೈಬರಹವಿತ್ತು: ಕೌಂಟಿ ಸಭೆ, ಬಜೆಟ್ ವಿಚಾರಣೆ. ಒಲಾಂಗ್ ಕುರ್ಚಿಯಿಂದ ಎದ್ದುಬಿಟ್ಟ.

"ನಾನಲ್ಲ. ಆ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಸಭೆಯಲ್ಲಿ ನಿಲ್ಲಿಸ್ಕೊಂಡು ಬೈದರು. ಇಡೀ ಸಭೆ ಸಾಕ್ಷಿ. ಟಿವಿಯಲ್ಲೂ ಬಂತು."

ಬೈಸಿಕೊಂಡದ್ದಕ್ಕೆ ಅಷ್ಟು ಖುಷಿಪಟ್ಟ ಮನುಷ್ಯನನ್ನೂ ವಕೇಶೊ ನೋಡಿರಲಿಲ್ಲ. ಆದರೆ ಅವಳ ತಲೆಯೊಳಗೆ ಪ್ರಶ್ನೆ ಆಗಲೇ ಬದಲಾಗಿತ್ತು. ಒಲಾಂಗ್ ಯಾಕೆ ಬಿಟ್ಟುಕೊಟ್ಟ ಎಂಬುದು ಹೋಗಿ, ಒಲಾಂಗ್ ಆಗಿ ಮಾತಾಡಿದ್ದು ಯಾರು ಎಂಬುದು ಬಂದಿತ್ತು.

ಬುಧವಾರ ಬೆಳಿಗ್ಗೆ ನ್ಯಾಯಾಲಯದ ಕಚೇರಿಯಲ್ಲಿ ಆ ಕಲಾಪದ ವಿಡಿಯೊ ಹಾಕಿ ತೋರಿಸಿದರು. ಒಲಾಂಗ್, ಒಕೆಲೊ ಇಬ್ಬರೂ ಬಂದಿದ್ದರು. ಪರದೆಯ ಮೇಲೆ ಹೊಸದಾಗಿ ವರ್ಗವಾಗಿ ಬಂದ ನ್ಯಾಯಾಧೀಶೆ. ಒಂದು ಕಪ್ಪು ಚೌಕದಲ್ಲಿ 'ಕೌಂಟಿ ಕಾನೂನು ಸಲಹೆಗಾರ' ಎಂಬ ಹೆಸರು ಮಾತ್ರ ಇತ್ತು, ಮುಖವಿರಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ, ಕ್ಯಾಮೆರಾ ಹಾಕಿದರೆ ಮಾತು ಕಡಿಯುತ್ತದೆ ಎಂದು ಕಪ್ಪು ಚೌಕ ಕ್ಷಮೆ ಕೇಳಿತು. ಅದು ಎಲ್ಲ ವಕೀಲರೂ ಹೇಳುವ ಮಾತು. ಆಮೇಲೆ ಎರಡು ಸಲ ಕೆಮ್ಮು. ಆಮೇಲೆ, "ಕೌಂಟಿಗೆ ವಿರೋಧವಿಲ್ಲ. ನಮ್ಮ ತಕರಾರನ್ನು ಹಿಂತೆಗೆದುಕೊಳ್ಳುತ್ತೇವೆ."

ಒಲಾಂಗ್ ಮೇಜು ಗುದ್ದಿದ. "ನನ್ನ ಕೆಮ್ಮು. ಅಯೋಗ್ಯ ನನ್ನ ಕೆಮ್ಮನ್ನೂ ಕದ್ದಿದಾನೆ."

"ನಿಮ್ಮ ಕೆಮ್ಮು ಯಾರಿಗೆ ಗೊತ್ತು?"

"ಕೌಂಟಿಗೆಲ್ಲಾ ಗೊತ್ತು ಮೇಡಂ," ಎಂದ ಓವಿತಿ. "ಶಾಲೆ ಮಕ್ಕಳೂ ಮಾಡಿ ತೋರಿಸ್ತಾರೆ."

ಆ ಕಲಾಪಕ್ಕೆ ಸೇರಿಕೊಳ್ಳುವ ಕೊಂಡಿಯನ್ನು ನ್ಯಾಯಾಲಯ ಕೌಂಟಿ ಕಡೆಯ ಮೂವರಿಗೆ ಮಾತ್ರ ಕಳಿಸಿತ್ತು. ಒಲಾಂಗ್, ಒಕೆಲೊ, ಮತ್ತು ಗಿಚೂಕಿ ಎಂಬ ಪಟ್ಟಣದ ಖಾಸಗಿ ವಕೀಲ. ಮೊದಲು ಈ ಕೇಸನ್ನು ಕೌಂಟಿ ಗಿಚೂಕಿಗೇ ಕೊಟ್ಟು, ಆಮೇಲೆ ಕಿತ್ತುಕೊಂಡಿತ್ತು.

ಗಿಚೂಕಿ ತನ್ನ ಕೋಣೆಯಲ್ಲಿ ಎಣ್ಣೆಯಲ್ಲಿ ಕರಿದ ಮಂದಾಜಿ ಬನ್ನು ತಿನ್ನುತ್ತಾ ಕೂತಿದ್ದ. ಪೊಲೀಸರನ್ನು ನೋಡಿ ಇನ್ನೆರಡು ತಟ್ಟೆಗೆ ಹಾಕಿಸಿದ.

"ಕೇಸು ಕಿತ್ತುಕೊಂಡಿದ್ದಕ್ಕೆ ಸಿಟ್ಟು ಬಂದಿತ್ತಾ?"

"ಬಂದಿತ್ತು. ಇನ್ನೂ ಇದೆ. ಇಟ್ಕೊಂಡಿದೀನಿ."

"ಒಲಾಂಗ್ ಥರ ಕೆಮ್ಮೋಕೆ ಬರತ್ತಾ?"

ಗಿಚೂಕಿ ಕೆಮ್ಮಿ ತೋರಿಸಿದ. ಮೇಕೆ ಸೀನಿದಂತಾಯಿತು. ಐದನೇ ತಾರೀಕು ಅದೇ ಹೊತ್ತಿನಲ್ಲಿ ಅವನು ನೈರೋಬಿಯ ಒಂದು ನ್ಯಾಯಾಲಯದ ಕಲಾಪದಲ್ಲಿ ಕ್ಯಾಮೆರಾ ಹಾಕಿಕೊಂಡೇ ವಾದಿಸುತ್ತಿದ್ದ. ಅದರ ಚಿತ್ರವನ್ನೂ ತೋರಿಸಿದ. ಮೂವರಲ್ಲಿ ಇಬ್ಬರು ಕಳೆದರು.

ಮಧ್ಯಾಹ್ನ ಕಚೇರಿಯಲ್ಲೇ ಒಕೆಲೊನ ಹೇಳಿಕೆ ಪಡೆದರು. ಇಸ್ತ್ರಿಯ ಬಿಳಿ ಅಂಗಿ, ಮೆಲುದನಿ. ಕೇಳಿದ್ದಕ್ಕಷ್ಟೇ ಉತ್ತರ.

"ಐದನೇ ತಾರೀಕು ಬೆಳಿಗ್ಗೆ ಎಲ್ಲಿದ್ರಿ?"

"ಕೆಳಗೆ ದಾಖಲೆ ಕೋಣೆಯಲ್ಲಿ. ಹಳೇ ಕಡತ ಹುಡುಕ್ತಿದ್ದೆ."

"ನೋಡಿದವರು?"

"ಜಿರಳೆಗಳು."

"ನೀಲಿ ಅಲೆ ಕಂಪನಿಯಲ್ಲಿ ನಿಮ್ಮೋರು ಯಾರಾದ್ರೂ ಇದಾರಾ?"

"ನಮ್ಮೋರು ಅಂತ ನನಗೆ ಯಾರೂ ಇಲ್ಲ ಮೇಡಂ. ಅಪ್ಪ ಅಮ್ಮ ತೀರಿಕೊಂಡ್ರು. ಒಬ್ಬನೇ ಮಗ."

ಒಲಾಂಗ್ ಪಕ್ಕದಿಂದ ದನಿಗೂಡಿಸಿದ. "ಇವನ ಮೇಲೆ ಸಂಶಯ ಪಡ್ಬೇಡಿ. ಖಾಲಿಯಿರೋ ಉಪ ಸಲಹೆಗಾರನ ಹುದ್ದೆಗೆ ಈ ತಿಂಗಳ ಕೊನೆಗೆ ಇವನ ಸಂದರ್ಶನ. ಎಂಟು ವರ್ಷ ಕಾದಿದಾನೆ. ರಾಲಂಗ ಕೇಸಿನಲ್ಲಿ ಮುಂದೆ ಬರಬೇಕಿದ್ದ ಕೊನೇ ವಾದ ಇವನಿಗೇ ಒಪ್ಪಿಸಿದ್ದೆ. ಗೆದ್ದಿದ್ರೆ ಹುದ್ದೆ ಖಾಯಂ. ತನ್ನ ತಟ್ಟೆಗೆ ತಾನೇ ಮಣ್ಣು ಹಾಕ್ಕೋತಾನಾ?"

ಅದೇ ವಕೇಶೊಗೂ ಅರ್ಥವಾಗದ್ದು. ಕೊಂಡಿ ಇದ್ದವನು ಇವನೊಬ್ಬ, ಹೊತ್ತೂ ಇತ್ತು, ಮೇಲಧಿಕಾರಿಯ ಕೆಮ್ಮನ್ನು ಎಂಟು ವರ್ಷ ಕೇಳಿದ ಕಿವಿಯೂ ಇತ್ತು. ಕಾರಣ ಮಾತ್ರ ಇರಲಿಲ್ಲ. ಕಲಾಪಕ್ಕೆ ಸೇರಿಕೊಂಡ ಫೋನು ಯಾವುದೆಂದು ಮೊಬೈಲ್ ಕಂಪನಿಯನ್ನು ಕೇಳಿದರೆ ಎರಡು ವಾರ ಎಂದರು. ಸೋಮವಾರಕ್ಕೆ ಉಳಿದಿದ್ದು ನಾಲ್ಕೇ ದಿನ. ಕಾರಣವಿಲ್ಲದೆ ಹಿಡಿದುಕೊಂಡು ಹೋಗಿ ನ್ಯಾಯಾಧೀಶೆಯ ಮುಂದೆ ನಿಲ್ಲಿಸಿದರೆ ಆದೇಶ ರದ್ದಾಗುವುದಿಲ್ಲ, ದಡ ಹೋಗುತ್ತದೆ.

ಗುರುವಾರ ಸ್ಥಳ ಮಹಜರಿಗೆಂದು ವಕೇಶೊ ಮತ್ತು ಓವಿತಿ ದಡಕ್ಕೆ ಹೋದರು. ಹಾಸಿದ ಬಲೆಗಳ ಮೇಲೆ ಒಮೆನಾ ಬೆಳ್ಳಗೆ ಹೊಳೆಯುತ್ತಿತ್ತು. ಆಗಲೇ ಇಬ್ಬರು ಮುದುಕಿಯರು ತಮ್ಮ ಒಣಗಿಸುವ ಚೌಕಟ್ಟುಗಳನ್ನು ಬಿಚ್ಚಿ ಕಟ್ಟಿಡುತ್ತಿದ್ದರು. 

ಮಹಜರಿಗೆ ಸಹಿ ಹಾಕಲು ಬಂದ ಮಿಲ್ಕಾ ಎಂಬವಳು ತುಂಬು ಬಸುರಿ. ಎರಡು ವರ್ಷದ ಹೆಣ್ಣುಮಕ್ಕಳಿಬ್ಬರು ಅವಳ ಲಂಗ ಹಿಡಿದು ಜೋತಾಡುತ್ತಿದ್ದರು.

"ಅವಳಿಗಳಾ? ಹೆಸರೇನು?"

"ಮೊದಲು ಬಂದೋಳು ಅಪಿಯೊ, ಆಮೇಲೆ ಬಂದೋಳು ಅಡೊಂಗೊ. ಇದು ಅಕೆಲೊ," ಎಂದು ಮಿಲ್ಕಾ ಹೊಟ್ಟೆ ಮುಟ್ಟಿಕೊಂಡಳು. "ಗಂಡಾದ್ರೆ ಒಕೆಲೊ."

ವಕೇಶೊ ಬರೆಯುತ್ತಿದ್ದವಳು ನಿಲ್ಲಿಸಿದಳು. "ಹುಟ್ಟೋ ಮುಂಚೆನೇ ಹೆಸರಿಟ್ರಾ?"

"ನಾವೆಲ್ಲಿ ಇಟ್ವಿ? ಅವಳಿಗಳ ಬೆನ್ನಿಗೆ ಬರೋ ಕೂಸಿಗೆ ಅದೇ ಹೆಸರು. ಹೊಟ್ಟೆಯೊಳಗಿಂದ್ಲೇ ಹೊತ್ಕೊಂಡು ಬರತ್ತೆ."

"ಬೇರೆಯವರಿಗೆ ಆ ಹೆಸರು ಇಡಲ್ವಾ?"

"ಹಂಗೆ ಯಾರಾದ್ರೂ ಇಡ್ತಾರಾ ಮೇಡಂ?" ಮಿಲ್ಕಾ ಪಾಪ ಎನ್ನುವಂತೆ ನೋಡಿದಳು.

ವಕೇಶೊ ಓವಿತಿಯನ್ನು ದೋಣಿಯ ಮರೆಗೆ ಕರೆದಳು. "ನಿನಗಿದು ಗೊತ್ತಿತ್ತಾ?"

"ಯಾವುದು?"

"ಒಕೆಲೊ ಅಂದ್ರೆ ಅವಳಿಗಳ ಮೇಲೆ ಹುಟ್ಟಿದೋನು ಅಂತ."

"ಇಲ್ಲಿ ಯಾರಿಗೆ ಗೊತ್ತಿಲ್ಲ ಮೇಡಂ?"

"ಮತ್ತೆ ನಿನ್ನೆ ಆ ಮನುಷ್ಯ ನಿನ್ನ ಮುಂದೆನೇ 'ಒಬ್ಬನೇ ಮಗ' ಅಂದ. ನೀನು ಅದನ್ನ ದುಂಡಗೆ ಬರಕೊಂಡೆ."

ಓವಿತಿ ತಲೆ ಕೆರೆದುಕೊಂಡ. ಅವನಿಗೆ ನಾಚಿಕೆಯೂ ಆಗಿತ್ತು, ಆಶ್ಚರ್ಯವೂ ಆಗಿತ್ತು. "ಹುಟ್ಟಿದಾಗಿಂದ ಕೇಳೀ ಕೇಳೀ ಹೆಸರಿನೊಳಗೆ ಏನಿದೆ ಅಂತ ಕಿವಿಗೇ ಬೀಳಲ್ಲ ಮೇಡಂ. ಬಿದ್ರೂ ಯಾರೂ ವಿಚಾರಿಸಲ್ಲ. ಹಿಂದೆಲ್ಲಾ ಅವಳಿ ಕೂಸುಗಳು ಉಳೀತಿದ್ದಿದ್ದೇ ಕಡಿಮೆ. ಒಕೆಲೊ ಅನ್ನೋನು ಒಬ್ಬನೇ ಅಂದ್ರೆ ಮುಂಚೆ ಹುಟ್ಟಿದೋರು ಮಣ್ಣಾಗಿದಾರೆ ಅಂತ ನಾವೇ ತಿಳ್ಕೊಂಡು ಸುಮ್ಮನಾಗ್ತೀವಿ. ನಿನ್ನ ಅವಳಿಗಳೆಲ್ಲಿ ಅಂತ ಕೇಳೋದು ಒಳ್ಳೇ ಮಾತಲ್ಲ."

"ನಿನ್ನ ಹೆಸರಿಗೂ ಏನಾದ್ರೂ ಇದೆಯಾ?"

"ಓವಿತಿ ಅಂದ್ರೆ ಎಸೆದೋನು. ನನಗಿಂತ ಮುಂಚಿನ ಮೂರು ಕೂಸು ಹೋದ್ವು. ಸಾವಿನ ಕಣ್ಣಿಗೆ ಬೀಳದಿರಲಿ ಅಂತ ನನ್ನ ತಿಪ್ಪೆ ಪಕ್ಕ ಎಸೆದಂಗೆ ಮಾಡಿ ಎತ್ಕೊಂಡ್ರು."

"ವಾಸನೆ ಇನ್ನೂ ಹೋಗಿಲ್ಲ," ಎಂದಳು ಹಿಂದಿನಿಂದ ಮಾಮಾ ಪೆರೆಸ್. ಅವಳು ಯಾವಾಗ ಬಂದು ನಿಂತಿದ್ದಳೋ.

ವಕೇಶೊ ಅವಳನ್ನೇ ಕೇಳಿದಳು. "ಮಾಮಾ, ಈ ದಡದಲ್ಲಿ ಅವಳಿಗಳು ಹುಟ್ಟಿ, ಅವರ ಬೆನ್ನಿಗೊಬ್ಬ ಒಕೆಲೊ ಹುಟ್ಟಿದ ಮನೆ ಯಾವುದಾದ್ರೂ ಇತ್ತಾ? ಅವನಿಗೆ ಈಗ ನಲವತ್ತರ ವಯಸ್ಸು."

ಮಾಮಾ ಪೆರೆಸ್ ಬುಟ್ಟಿ ಕೆಳಗಿಟ್ಟಳು. "ಒಂದಿತ್ತು. ಹುಡುಗ ಒಪಿಯೊ, ಹುಡುಗಿ ಅಡೊಂಗೊ. ಒಪಿಯೊ ಹತ್ತು ವರ್ಷದೋನು, ಅಪ್ಪನ ಜೊತೆ ಬಲೆಗೆ ಹೋಗಿ ದೋಣಿ ಮಗುಚಿ ಇಬ್ಬರೂ ಹೋದ್ರು. ಹುಡುಗನ್ನ ಅಲ್ಲಿ, ಆ ಅತ್ತಿ ಮರದ ಕೆಳಗೆ ಮಲಗಿಸಿದ್ವಿ. ನಾನಾಗ ಹೊಸ ಸೊಸೆ. ತಾಯಿ ಒಂದು ಕೈಯಲ್ಲಿ ಹುಡುಗಿ ಹಿಡ್ಕೊಂಡು, ಕೂಸನ್ನ ಬೆನ್ನಿಗೆ ಕಟ್ಕೊಂಡು ತೌರಿಗೆ ಹೋದೋಳು ಮತ್ತೆ ಬರಲಿಲ್ಲ."

"ಆ ಕೂಸು?"

"ಗಂಡು. ಹೆಸರು ಕೇಳೋದೇನಿದೆ?"

"ಅಡೊಂಗೊ ಆಮೇಲೆ ಏನಾದ್ಲು?"

"ಗೊತ್ತಿಲ್ಲ." ಮಾಮಾ ಪೆರೆಸ್ ಅತ್ತಿ ಮರದ ಕಡೆ ನೋಡುತ್ತಾ ನಿಂತಳು. "ಹೋದ ವರ್ಷ ಆ ಹೋಟೆಲ್ ಕಂಪನಿಯ ಹೆಂಗಸು ಜಾಗ ನೋಡೋಕೆ ಬಂದಿದ್ಲು. ಮುನೀರಾ ಬಕಾರಿ ಅಂತೆ, ಕರಾವಳಿ ಕಡೆ ಸಾಹುಕಾರನ ಹೆಂಡತಿ. ನಾವೆಲ್ಲಾ ಬೈಯೋಕೆ ಅಂತ ಸೇರಿದ್ವಿ. ಅವಳು ನಮ್ಮ ಕಡೆ ನೋಡ್ಲೇ ಇಲ್ಲ. ಚಪ್ಪಲಿ ಬಿಟ್ಟು ಹೋಗಿ ಆ ಮರದ ಕೆಳಗೇ ನಿಂತ್ಕೊಂಡ್ಲು. ನಮಗೆ ಬೈಗುಳ ಮರೆತುಹೋಯ್ತು."

ವಕೇಶೊ ಮಹಜರಿನ ಹಾಳೆಯ ಅಂಚಿನಲ್ಲಿ ಅಡೊಂಗೊ ಎಂದು ಬರೆದು, ಅದರ ಪಕ್ಕದಲ್ಲೇ ಮುನೀರಾ ಎಂದು ಬರೆದಳು. ಕಾರಣ ಸಿಕ್ಕಿತ್ತು.

ಮೂರು ಗಂಟೆಗೆ ಕರೆಸಿದಾಗ ಒಕೆಲೊ ತಾನೇ ನಡೆದುಕೊಂಡು ಠಾಣೆಗೆ ಬಂದ, ಯಾರಿಗೋ ಸಲಹೆ ಕೊಡಲು ಬಂದವನ ಹಾಗೆ ಕಂಕುಳಲ್ಲಿ ಕಡತ ಇಟ್ಟುಕೊಂಡು. ವಕೇಶೊ ಅವನ ಹಕ್ಕುಗಳನ್ನು ಓದಿ ಹೇಳಿದಳು. ಅವನು ತಲೆದೂಗುತ್ತಾ ಕೇಳಿದ, ಒಂದು ಕಡೆ ಅವಳು ಬಿಟ್ಟ ಪದವನ್ನು ಮೆಲ್ಲನೆ ಸೇರಿಸಿದ.

"ಮುನೀರಾ ಬಕಾರಿ ಗೊತ್ತಾ?"

"ಎದುರು ಪಕ್ಷದ ನಿರ್ದೇಶಕಿ. ಹೆಸರು ಗೊತ್ತು."

"ಮಾತಾಡಿದೀರಾ?"

"ಎದುರು ಪಕ್ಷದೋರ ಹತ್ರ ವಕೀಲ ಮಾತಾಡಬಾರ್ದು."

ವಕೇಶೊ ಓವಿತಿಗೆ ಕಣ್ಣಲ್ಲೇ ಹೇಳಿದಳು. ಓವಿತಿ ಪೆನ್ನು ಮುಚ್ಚಿಟ್ಟು, ತಮ್ಮ ಭಾಷೆಯಲ್ಲಿ, ಮನೆ ಬಾಗಿಲಿಗೆ ಬಂದವನನ್ನು ಹಿರಿಯರು ಕೇಳುವ ಹಾಗೆ ಕೇಳಿದ.

"ಒಕೆಲೊ, ನೀನು ಯಾರ ಬೆನ್ನಿಗೆ ಬಂದೋನಪ್ಪ?"

ಅದು ಪೊಲೀಸರ ಪ್ರಶ್ನೆಯಾಗಿರಲಿಲ್ಲ. ಪೊಲೀಸರ ಪ್ರಶ್ನೆಗೆ ಅವನ ಬಳಿ ಉತ್ತರಗಳಿದ್ದವು. ಇದಕ್ಕೆ ಯಾರ ಬೆನ್ನಿಗೂ ಅಲ್ಲ ಎನ್ನಬೇಕಾದರೆ ಹೆತ್ತ ತಾಯಿ ಇಟ್ಟ ಹೆಸರೇ ಸುಳ್ಳು ಎನ್ನಬೇಕಿತ್ತು. ಒಕೆಲೊ ಕಂಕುಳಿನ ಕಡತ ತೆಗೆದು ಮೇಜಿನ ಮೇಲಿಟ್ಟ.

"ಹೋದೋನ ಹೆಸರು ಮೊದಲು ಹೇಳು," ಎಂದ ಓವಿತಿ.

"ಒಪಿಯೊ."

"ಇನ್ನೊಬ್ಬರು?"

ಹೊರಗೆ ಯಾರೋ ಮೋಟಾರ್‌ಸೈಕಲ್ ಒದ್ದು ಒದ್ದು ಸ್ಟಾರ್ಟ್ ಮಾಡುತ್ತಿದ್ದರು. ಅದು ಹೊರಟುಹೋಗುವವರೆಗೂ ಒಕೆಲೊ ಕಾದ.

"ಅವಳಿಗೇನೂ ಗೊತ್ತಿಲ್ಲ. ಅದನ್ನ ಮೊದಲು ಬರಕೊಳ್ಳಿ ಸಾಹೇಬ್ರೆ. ಅಡೊಂಗೊಗೆ ಏನೂ ಗೊತ್ತಿಲ್ಲ."

ಜೇಬಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟ. ಇನ್ನೊಂದು ಸಿಮ್ಮು ಅದರ ಕವಚದೊಳಗೇ ಇತ್ತು. ಮಹಜರು ಬರೆದು ಎರಡನ್ನೂ ವಶಕ್ಕೆ ಪಡೆದರು. ಇನ್ನೊಬ್ಬರ ಸೋಗಿನಲ್ಲಿ ನ್ಯಾಯಾಲಯವನ್ನು ವಂಚಿಸಿದ ಆರೋಪದ ಮೇಲೆ ಟೊಬಿಯಾಸ್ ಒಕೆಲೊನನ್ನು ಗುರುವಾರ ಸಂಜೆ ಬಂಧಿಸಲಾಯಿತು.

ಪೊಲೀಸ್ ಮೇಲಧಿಕಾರಿಯ ಎದುರು ಅವನು ಕೊಟ್ಟ ಹೇಳಿಕೆ ಉದ್ದವೇನಿರಲಿಲ್ಲ. ತಾಯಿ ಸತ್ತ ಮೇಲೆ ಸಾಕಿದ್ದು ಅಕ್ಕ. ಓದಿಸಿದ್ದೂ ಅವಳೇ. ಮದುವೆಯಾಗಿ ಅವಳು ಮುನೀರಾ ಆದಳು. ಅವಳ ಗಂಡನಿಗೆ ಕೌಂಟಿಯ ಜೊತೆ ವ್ಯವಹಾರವಿತ್ತು, ಹಾಗಾಗಿ ನೌಕರಿಗೆ ಸೇರುವಾಗ ಒಕೆಲೊ ಒಬ್ಬನೇ ಮಗ ಎಂದು ಬರೆಸಿದ. ರಾಲಂಗದ ದಾವೆ ಬಿದ್ದ ದಿನ ಅಕ್ಕತಮ್ಮ ಇಬ್ಬರೂ ಕೇಸು ಮುಗಿಯುವ ತನಕ ಫೋನು ಬೇಡ, ಭೇಟಿ ಬೇಡ ಎಂದು ಮಾತಾಡಿಕೊಂಡರು.

"ಸಂಬಂಧ ಇದೆ ಅಂತ ಹೇಳಿ ಕೇಸಿಂದ ದೂರ ಸರೀಬಹುದಿತ್ತಲ್ಲ?" ಎಂದಳು ವಕೇಶೊ. "ಕಾನೂನಿನಲ್ಲಿ ಅದಕ್ಕೆ ದಾರಿ ಇದೆ ಅಂತ ನಿಮಗೆ ನಾನು ಹೇಳಿಕೊಡ್ಬೇಕಾ?"

"ಹೇಳಿದ್ರೆ ಮೊದಲು ಸುಳ್ಳು ಬರೆಸಿದ್ದು ಹೊರಗೆ ಬರ್ತಿತ್ತು, ಕೆಲಸ ಹೋಗ್ತಿತ್ತು. ಕಾರಣ ಹೇಳದೆ, ಈ ಕೇಸು ನನಗೆ ಬೇಡ ಸರ್ ಅಂತ ಒಲಾಂಗ್ ಸಾಹೇಬ್ರನ್ನ ಮೂರು ಸಲ ಬೇಡಿಕೊಂಡೆ. ಮೂರು ಸಲಾನೂ ಅವರು ಆ ಖಾಲಿ ಕುರ್ಚಿಗಳನ್ನ ತೋರಿಸಿ, ನಿನ್ನ ಬಿಟ್ರೆ ಇನ್ಯಾರಿದಾರೋ ಅಂದ್ರು. ಎದುರಿಗೆ ನಿಂತು ಅವಳ ಹಕ್ಕು ಸುಳ್ಳು ಅಂತ ನಾನು ವಾದ ಮಾಡ್ಬೇಕಿತ್ತು. ವಾದ ಮಾಡಿದ್ರೆ ಗೆಲ್ತಿದ್ದೆ, ಅವಳು ಬೀದಿಗೆ ಬರ್ತಿದ್ಲು. ಒಲಾಂಗ್ ಸಾಹೇಬ್ರು ಎಲ್ಲಾ ಮರೀತಾರೆ, ಇದನ್ನೂ ತಾವೇ ಹೇಳಿರ್ಬೇಕು ಅಂದ್ಕೋತಾರೆ ಅಂತ ನಂಬಿದ್ದೆ."

ಹೊರಗಿನ ಕೋಣೆಯಲ್ಲಿ ಕೂತಿದ್ದ ಒಲಾಂಗ್‌ಗೆ ಇದನ್ನು ಓದಿ ಹೇಳಿದಾಗ ಅವನು ಬಹಳ ಹೊತ್ತು ಕೆಮ್ಮಲಿಲ್ಲ. "ಮೂರು ಸಲ ಕೇಳಿದ್ನಾ? ನನಗೆ ಒಂದೂ ನೆನಪಿಲ್ಲ," ಎಂದ.

ಶುಕ್ರವಾರ ಬೆಳಿಗ್ಗೆ ನ್ಯಾಯಾಧೀಶೆ ಪೊಲೀಸರ ವರದಿ ಓದಿ ಹಳೆಯ ಆದೇಶವನ್ನು ರದ್ದು ಮಾಡಿದರು. ಕೇಸು ಮತ್ತೆ ನಡೆಯುತ್ತದೆ, ಅಲ್ಲಿಯವರೆಗೆ ದಡದಿಂದ ಯಾರೂ ಏಳಬೇಕಾಗಿಲ್ಲ. ಆನ್‌ಲೈನ್ ಬೇಡ, ಇನ್ನು ಮುಂದೆ ಮುಖ ತೋರಿಸಿ ಎಂದೂ ಹೇಳಿದರು. ಮಾಮಾ ಪೆರೆಸ್ ಹೊರಗೆ ಬಂದು ಒಲಾಂಗ್‌ನ ಕೈ ಕುಲುಕಿ, "ನಿನ್ನ ಬೈದಿದ್ದು ವಾಪಸ್ ತಗೊಳಲ್ಲ, ಮುಂದಕ್ಕೆ ಬೇಕಾಗತ್ತೆ, ಇಟ್ಕೊಂಡಿರು," ಎಂದಳು.

ಅದೇ ಮಧ್ಯಾಹ್ನ ಮುನೀರಾ ಬಕಾರಿ ತಾನಾಗಿಯೇ ಠಾಣೆಗೆ ಬಂದಳು. ಹಸಿರು ಶಾಲು ಹೊದ್ದ ನಲವತ್ತೆಂಟು ಐವತ್ತರ ಹೆಂಗಸು. ಹೇಳಿಕೆ ಕೊಡುವ ಮುಂಚೆ ತಮ್ಮನನ್ನು ನೋಡಬೇಕೆಂದಳು. ಒಕೆಲೊನನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದರು. ವಕೇಶೊ ಬಾಗಿಲಲ್ಲೇ ನಿಂತಳು, ಅದು ನಿಯಮ.

ಮೂರು ವರ್ಷದ ಮೇಲೆ ಅಕ್ಕ ತಮ್ಮನ ಮುಖ ನೋಡುತ್ತಿದ್ದಳು. "ಇಳಿದುಹೋಗಿದೀಯ," ಎಂದಳು.

"ನೀನು ಸೋಲಬಾರ್ದು ಅಂತ ಮಾಡಿದೆ," ಎಂದ ಒಕೆಲೊ. "ಆ ಹೋಟೆಲ್ಲಿಗೆ ನೀನು ಎಲ್ಲಾ ಹಾಕಿದ್ದೆ ಅಲ್ವಾ?"

"ನನಗೆ ಆ ಹೋಟೆಲ್ ಬೇಕು ಅಂತ ಯಾರೋ ನಿನಗೆ ಹೇಳಿದ್ದು?"

"ಕಾಗದದಲ್ಲಿ ನಿನ್ನ ಹೆಸರಿದೆಯಲ್ಲ?" ಎಂದ ಅವನು.

"ಅದು ಬಕಾರಿದು, ಅವನ ಪಾಲುದಾರರದು. ಕಾಗದದಲ್ಲಿ ನನ್ನ ಹೆಸರು, ಅಷ್ಟೇ. ಆ ದಡ ಬೇಡ, ನನ್ನ ಒಪಿಯೊನ್ನ ಮಲಗಿಸಿದ ಜಾಗ ಅದು ಅಂತ ಗಂಡನ ಕಾಲು ಹಿಡಿದೆ. ಕೇಳಲಿಲ್ಲ. ಬೀಳೋದು ಬೀಳಲಿ, ಬೀದಿಗೆ ಬಂದ್ರೂ ಪರವಾಗಿಲ್ಲ, ಕೋರ್ಟಲ್ಲಿ ಸೋತ್ರೆ ಎಲ್ಲರೂ ಬಾಯಿ ಮುಚ್ಕೋತಾರೆ ಅಂತ ಸುಮ್ಮನಾದೆ." ಅವಳು ಶಾಲಿನ ಅಂಚಿನಿಂದ ಮುಖ ಒರೆಸಿಕೊಂಡಳು. "ಕೌಂಟಿ ಕಚೇರೀಲಿ ನನ್ನ ತಮ್ಮ ಇದಾನೆ, ಅವನು ಬಿಟ್ಟುಕೊಡೋನಲ್ಲ, ಗೆದ್ದೇ ಗೆಲ್ತಾನೆ ಅಂತ ಧೈರ್ಯವಾಗಿ ಕಾಯ್ತಿದ್ದೆ ಕಣೋ."

ಒಕೆಲೊ ಎರಡೂ ಕೈಯಿಂದ ಬೆಂಚಿನ ಅಂಚು ಹಿಡಿದುಕೊಂಡ. ಭೇಟಿಯ ಹೊತ್ತು ಮುಗಿದಿತ್ತು, ಆದರೆ ವಕೇಶೊ ಬಾಗಿಲು ಎಳೆದುಕೊಂಡು ಹೊರಗೆ ಬಂದು ನಿಂತಳು.